ನಾಲ್ಕು ಬೆರಳಗಲದ ಪಟ್ಟಿ

ಮಾಲೂರು
೬ ಆಗಸ್ಟ್ ೨೦೨೪

ಮಾನ್ಯ ಮುನಿಶಾಮಿಯವರಿಗೆ ನಮಸ್ಕಾರ.

ನಾನು ಧನಶ್ರೀ, ಚಿತ್ರ ಕಲಾವಿದೆ. ನಂಗಲಿ ಹತ್ತಿರದ ಹಳೇ ಬಂಗಲೆಯ ವಾಚ್‌ಮನ್ ಚಂದ್ರು ನಿಮ್ಮ ರಾಯಲ್ಪಾಡಿನ ವಿಳಾಸ ಕೊಟ್ಟರು. “ಅವ್ರಿಗೆ ಫೋನ್ ಮಾಡ್ಬೇಡಿ ಮೇಡಂ, ಕಿವಿ ಕೇಳ್ಸಲ್ಲ. ಕಾಗ್ದ ಬರೀರಿ, ತಪ್ದೇ ಉತ್ರ ಬರುತ್ತೆ” ಎಂದರು. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ! ಪೋಸ್ಟಾಫೀಸಿನಲ್ಲಿ ಇನ್‌ಲ್ಯಾಂಡ್ ಲೆಟರ್ ಕೇಳಿದರೆ ಕೌಂಟರಿನಲ್ಲಿದ್ದವರು ನನ್ನ ಮುಖವನ್ನೇ ನೋಡಿದರು.

ವಿಷಯ ಇಷ್ಟು. ಮದರಾಸಿನ ದಾರಿಯಲ್ಲಿ ತಂಗಲೆಂದು ಬ್ರಿಟಿಷ್ ದೊರೆಗಳು ಕಟ್ಟಿಸಿಕೊಂಡ ಆ ಬಂಗಲೆಯನ್ನು ಸರ್ಕಾರದವರು ಎಂಟು ತಿಂಗಳ ಮಟ್ಟಿಗೆ ನನ್ನ ಕೈಗೆ ಕೊಟ್ಟಿದ್ದಾರೆ. ಅಲ್ಲಿ ನಾನು ಚಿತ್ರ ಬರೆಯುವುದಿಲ್ಲ. ಬಣ್ಣ ತೆಗೆಯುತ್ತೇನೆ. ನೂರಿಪ್ಪತ್ತು ವರ್ಷಗಳಿಂದ ಒಂದರ ಮೇಲೊಂದು ಬಳಿದದ್ದನ್ನೆಲ್ಲ ಪದರ ಪದರವಾಗಿ ಬಿಡಿಸಿ, ದೊರೆಗಳು ಹೊದಿಸಿದ ಮೊದಲ ಬಿಳುಪಿನವರೆಗೆ, ಅದಕ್ಕೂ ಕೆಳಗಿನ ಇಟ್ಟಿಗೆಯವರೆಗೆ ಇಳಿಯಬೇಕು. ಅವರ ಕಟ್ಟಡಗಳ ಮುಂದೆ ನಾವು ಇವತ್ತಿಗೂ ಒಂದಿಷ್ಟು ಬಗ್ಗಿಯೇ ನಿಲ್ಲುತ್ತೇವೆ. ಬಣ್ಣ ಕಳಚಿದರೆ ಅದೂ ನಮ್ಮವರೇ ಹೊತ್ತು ಕಟ್ಟಿದ ಇಟ್ಟಿಗೆ ಗಾರೆ ಎಂದು ಕಾಣಬೇಕು. ಅದು ನನ್ನ ಆಸೆ.

ಮೂವತ್ತೈದು ವರ್ಷ ಅಲ್ಲಿ ಬಣ್ಣ ಹೊಡೆದವರು ನೀವು. ನಿಮಗೂ ಮುಂಚೆ ನಿಮ್ಮ ತಂದೆ ಅಪ್ಪಾಜಪ್ಪನವರಂತೆ. ಯಾವ ಪದರ ಯಾವ ಕಾಲದ್ದು ಎಂದು ಹೇಳಬಲ್ಲವರು ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ದಯವಿಟ್ಟು ತಿಳಿಸಿಕೊಡಿ.

ಹೇಳಲು ಮರೆತೆ. ನನ್ನ ತಾತ ಕೋದಂಡರಾಮಪ್ಪನವರು ಆ ಬಂಗಲೆಯ ಮೇಟಿಯಾಗಿದ್ದರು. ಬೀಗದ ಕೈಯಿಂದ ಹಿಡಿದು ಅಡುಗೆಮನೆಯವರೆಗೆ ಎಲ್ಲ ಅವರ ಉಸ್ತುವಾರಿ. ನಾನು ಹುಟ್ಟುವ ಹೊತ್ತಿಗೆ ಅವರಿರಲಿಲ್ಲ. ನೆನಪಿದ್ದರೆ ಅವರ ಬಗ್ಗೆಯೂ ನಾಲ್ಕು ಮಾತು ಬರೆಯಿರಿ.

ಇಂತಿ,
ಧನಶ್ರೀ

*

ರಾಯಲ್ಪಾಡು
೧೨ ಆಗಸ್ಟ್ ೨೦೨೪

ಧನಶ್ರೀ ಮೇಡಂ ಅವರಿಗೆ ಮುನಿಶಾಮಿ ಮಾಡುವ ನಮಸ್ಕಾರಗಳು.

ಕಾಗದ ತಲುಪಿತು. ಜೀವಮಾನವೆಲ್ಲ ಬಣ್ಣ ಬಳಿದವನ ಹತ್ತಿರ ಅದನ್ನು ಕೀಳುವುದು ಹೇಗೆಂದು ಕೇಳಿದ್ದೀರಿ. ಮಗಳು ರಜನಿಗೆ ತೋರಿಸಿದೆ. “ನೀನು ಬಳ್ದಿದ್ದು ಸರಿಯಿಲ್ಲ ಅಂತ ಕಂಪ್ಲೇಂಟ್ ಬಂದೈತೆ ನೋಡಪ್ಪ” ಎಂದು ಕಿವಿಯ ಹತ್ತಿರ ಕೂಗಿ ನಕ್ಕಳು.

ಬರೆದುಕೊಳ್ಳಿ. ಎಲ್ಲಕ್ಕಿಂತ ಮೇಲಿರುವ ಗುಲಾಬಿ ೨೦೦೯ರದು. ಮಂತ್ರಿಗಳು ಬರುತ್ತಾರೆಂದು ಒಂದೇ ದಿನದಲ್ಲಿ ಹೊಡೆಸಿದರು. ಮಂತ್ರಿಗಳು ಬರಲಿಲ್ಲ, ಗುಲಾಬಿ ಉಳಿಯಿತು. ಅದರ ಕೆಳಗೆ ಹಸಿರು ಡಿಸ್ಟೆಂಪರ್, ಅದರ ಕೆಳಗೆ ಹಳದಿ. ಅಲ್ಲಿಂದ ಕೆಳಕ್ಕೆ ಎಲ್ಲ ಸುಣ್ಣ. ಹೊರಗೋಡೆಯ ಸುಣ್ಣದಲ್ಲಿ ನೀಲಿ ಬೆರೆತಿದ್ದರೆ ಅದು ನನ್ನ ಕೈ. ನೀಲಿಯಿಲ್ಲದೆ ಬರೀ ಬೆಳ್ಳಗಿದ್ದರೆ ಅಪ್ಪನ ಕೈ. ಮೇಲಿನ ಬಣ್ಣಗಳನ್ನು ನೀರು ಹಾಕಿ ನೆನೆಸಿ ತಗಡಿನಿಂದ ಎಬ್ಬಿಸಿ. ಸುಣ್ಣಕ್ಕೆ ಬಂದ ಮೇಲೆ ಕಬ್ಬಿಣ ಮುಟ್ಟಿಸಬೇಡಿ, ಗೀರು ಬೀಳುತ್ತದೆ. ಬಿದಿರಿನ ಚಕ್ಕೆ ಸಾಕು. ಅವಸರ ಮಾಡಬೇಡಿ.

ಮುಂದಿನ ಹಾಲು, ಎರಡು ಕೋಣೆ, ಊಟದ ಮನೆ, ಎಲ್ಲ ಕೆರೆಯಿರಿ. ಹಿಂದಿನ ವರಾಂಡ ಮಾತ್ರ ಬಿಟ್ಟುಬಿಡಿ. ಅಲ್ಲಿ ಗಾರೆ ಸಡಿಲ, ಕೆರೆದರೆ ಗೋಡೆಯೇ ಕಿತ್ತು ಬರುತ್ತದೆ.

ಕೋದಂಡರಾಮಪ್ಪನವರನ್ನು ಬಲ್ಲೆ. ತುಂಬ ಶಿಸ್ತಿನ ಮನುಷ್ಯರು.

ಇಂತಿ ತಮ್ಮ ವಿಶ್ವಾಸಿ,
ಮುನಿಶಾಮಿ, ನಿವೃತ್ತ ಪೇಂಟರ್

*

ನಂಗಲಿ ಬಂಗಲೆ
೨೨ ಸೆಪ್ಟೆಂಬರ್ ೨೦೨೪

ಮುನಿಶಾಮಪ್ಪನವರಿಗೆ ನಮಸ್ಕಾರ.

ನಿಮ್ಮ ಬಿದಿರಿನ ಚಕ್ಕೆಗೆ ದೊಡ್ಡ ಸಲಾಂ. ಪೇಟೆಯಿಂದ ತಂದ ಸಾಮಾನೆಲ್ಲ ಮೂಲೆ ಸೇರಿದೆ. ಮುಂದಿನ ಹಾಲಿನ ಕೆಲಸ ಮುಗಿಯಿತು. ಗುಲಾಬಿ ಸಿಪ್ಪೆಯಂತೆ ಎದ್ದು ಬಂತು, ಹಸಿರು ಮೂರು ವಾರ ಸತಾಯಿಸಿತು. ಈಗ ಹಾಲಿನಲ್ಲಿ ನಿಂತರೆ ಯಾರೂ ಜೋರಾಗಿ ಮಾತಾಡುವುದಿಲ್ಲ. ನನ್ನ ಕೈಯೆಲ್ಲ ಬಿರಿದು ಹೋಗಿದೆ, ಆದರೂ ಇಷ್ಟು ಖುಷಿಯಾಗಿ ಕೆಲಸ ಮಾಡಿ ಬಹಳ ದಿನವಾಗಿತ್ತು.

ತಾತನ ಬಗ್ಗೆ ನೀವು ಬರೆದ ಒಂದು ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. “ಮೇಟಿ ಅಂದ್ರೆ ಹಂಗಿದ್ರು ಕಣೇ, ಒಂದು ಕಡ್ಡಿ ಆಚೀಚೆ ಆಗೋ ಹಂಗಿರ್ಲಿಲ್ಲ” ಎಂದರು.

ಒಂದು ಅನುಮಾನ. ಹೊಸ ಸುಣ್ಣ ಬಳಿಯುವ ಮುಂಚೆ ಹಳೆಯದನ್ನು ತಂತಿಬ್ರಷ್ಷಿನಿಂದ ಕೆರೆಯುವುದು ನಿಮ್ಮ ಕಸುಬಿನ ಪದ್ಧತಿಯಲ್ಲವೆ? ಮುಂದಿನ ಕಡೆ ಹಾಗೆಯೇ ಮಾಡಿದ್ದೀರಿ, ಆರೇಳು ಕೋಟು ಮಾತ್ರ ಸಿಗುತ್ತದೆ. ಹಿಂದಿನ ವರಾಂಡದ ಮೂಲೆಯಲ್ಲಿ ಒಂದು ಚೂರು ಉದುರಿತ್ತು. ಅದರ ಅಂಚಿನಲ್ಲಿ ಎಣಿಸಿದೆ: ಮೂವತ್ತಕ್ಕೂ ಹೆಚ್ಚು ಪದರ! ಒಂದು ವರ್ಷವೂ ಕೆರೆಯದೆ ಬಳಿದಿದ್ದೀರಿ. ಅಲ್ಲಿ ಮಾತ್ರ ಯಾಕೆ?

ಗಾರೆ ಸಡಿಲವೇನೂ ಇಲ್ಲ. ಗುದ್ದಿ ನೋಡಿದೆ, ಕಲ್ಲಿನ ಹಾಗಿದೆ.

ಧನಶ್ರೀ

*

ರಾಯಲ್ಪಾಡು
೩ ಅಕ್ಟೋಬರ್ ೨೦೨೪

ಧನಶ್ರೀ ಮೇಡಂ ಅವರಿಗೆ ನಮಸ್ಕಾರಗಳು.

ಹಿಂದಿನ ಕಡೆ ಯಾರು ನೋಡುತ್ತಾರೆಂದು ಸೋಮಾರಿತನ ಮಾಡಿದೆ. ಅಷ್ಟೇ ವಿಷಯ. ಒಬ್ಬ ಪೇಂಟರನ ಕಳ್ಳಾಟವನ್ನು ಹುಡುಕಿ ಬಿಟ್ಟಿರಿ.

ಇಲ್ಲಿ ಈ ವರ್ಷ ಟೊಮೇಟೊ ಚೆನ್ನಾಗಿದೆ. ಅಳಿಯ ದಿನಾ ಮಾರ್ಕೆಟ್ಟಿಗೆ ಹೋಗುತ್ತಾನೆ, ಮನೆಯಲ್ಲಿ ನಾನೂ ರೇಡಿಯೋವೂ. ಅದು ಮಾತಾಡುತ್ತದೆ, ನನಗೆ ಕೇಳಿಸುವುದಿಲ್ಲ. ನನ್ನ ಅಕ್ಕ ದೊಡ್ಡಗಂಗಮ್ಮ ನಂಗಲಿಯಲ್ಲೇ ಇದ್ದಾಳೆ, ಎಪ್ಪತ್ತಾರು ವರ್ಷ. ಬಂಗಲೆಗೆ ಯಾರೋ ಹೆಂಗಸು ಬಂದು ಗೋಡೆ ಕೆರೆಯುತ್ತಿದ್ದಾಳೆ ಎಂದು ಊರೆಲ್ಲ ಮಾತಾಗಿದೆಯಂತೆ.

ಎರಡನೇ ಸಲ ಹೇಳುತ್ತಿದ್ದೇನೆ. ಹಿಂದಿನ ವರಾಂಡಕ್ಕೆ ಕೈ ಹಾಕಬೇಡಿ. ನೀವು ಕೇಳಿದ್ದನ್ನೆಲ್ಲ ಹೇಳಿಕೊಟ್ಟಿದ್ದೇನೆ, ನನಗೆ ಇದೊಂದನ್ನು ನಡೆಸಿಕೊಡಿ.

ಮುನಿಶಾಮಿ

*

ನಂಗಲಿ ಬಂಗಲೆ
೨೦ ನವೆಂಬರ್ ೨೦೨೪

ಪ್ರೀತಿಯ ಮುನಿಶಾಮಿ ತಾತನಿಗೆ,

ನಿಮ್ಮ ಮಾತು ಮೀರಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ. ಆದರೆ ಮೊದಲು ಇದನ್ನು ಓದಿ.

ನಿಮ್ಮ ನೀಲಿ ಸುಣ್ಣ ಹದಿನೆಂಟು ದಿನ ತೆಗೆದುಕೊಂಡಿತು. ಅದರ ಕೆಳಗೆ ಏನು ಸಿಕ್ಕಿತು ಗೊತ್ತೆ? ಕೆಮ್ಮಣ್ಣಿನ ಒಂದು ಪಟ್ಟಿ! ನನ್ನ ನಾಲ್ಕು ಬೆರಳು ಇಟ್ಟರೆ ಅದಕ್ಕಿಂತ ಕೂದಲಷ್ಟು ಅಗಲ. ಎದೆಯ ಎತ್ತರದಲ್ಲಿ ಶುರುವಾಗಿ ಗೋಡೆಯಲ್ಲಿ ನೇರ ಕೆಳಗಿಳಿಯುತ್ತದೆ. ಎದುರಿನ ಕಂಬ ಕೆರೆದು ನೋಡಿದರೆ ಅಲ್ಲೂ ಅದೇ ಪಟ್ಟಿ, ಅದೇ ಎತ್ತರಕ್ಕೆ! ಅಂದರೆ ಗೋಡೆಯಿಂದ ಇಳಿದು, ನೆಲದ ಮೇಲೆ ಹಾದು, ಕಂಬ ಹತ್ತಿದೆ. ಇಡೀ ವರಾಂಡಕ್ಕೆ ಒಂದು ಕೆಂಪು ರಿಬ್ಬನ್ ಸುತ್ತಿದ ಹಾಗೆ. ಇಷ್ಟು ಧೈರ್ಯದ ವಿನ್ಯಾಸವನ್ನು ದೊರೆಗಳ ಕಟ್ಟಡದಲ್ಲಿ ನಾನೆಲ್ಲೂ ಕಂಡಿಲ್ಲ. ಅದರ ಕೆಳಗೆ ಇನ್ನೂ ಹಳೆಯದೊಂದು ಪಟ್ಟಿ, ಎರಡೇ ಬೆರಳಿನದು. ಎಳೆದವರು ಮನಸ್ಸು ಬದಲಾಯಿಸಿ ಅಗಲ ಮಾಡಿದ್ದಾರೆ.

ಇದು ಅಪ್ಪಾಜಪ್ಪನವರ ಕೈ ಅಲ್ಲವೆ? ಅಪ್ಪನ ಕೆಲಸ ಹಾಳಾಗಬಾರದೆಂದೇ ನೀವು ಕೆರೆಯದೆ ಮೇಲೆ ಮೇಲೆ ಬಳಿದು ಕಾಪಾಡಿದಿರಿ. ಈಗ ಅರ್ಥವಾಯಿತು. ಸೋಮಾರಿತನವಂತೆ!

ನೆಲಕ್ಕೆ ಯಾವಾಗಲೋ ಸಿಮೆಂಟ್ ಹಾಕಿಬಿಟ್ಟಿದ್ದಾರೆ, ಅಲ್ಲಿನ ಪಟ್ಟಿ ಹೋಗಿದೆ. ನಾನೇ ಕೆಮ್ಮಣ್ಣು ಕಲಸಿ ಗೋಡೆಯಿಂದ ಕಂಬಕ್ಕೆ ಮತ್ತೆ ಎಳೆದು ಕೂಡಿಸಿದೆ. ಬಂಗಲೆಯನ್ನು ಜನರಿಗೆ ತೆರೆದು ತೋರಿಸುವ ದಿನದ ಆಮಂತ್ರಣದ ಕಾರ್ಡಿಗೂ ಅದನ್ನೇ ಹಾಕಿಸಿದ್ದೇನೆ, ಜೊತೆಗಿಟ್ಟಿದ್ದೇನೆ ನೋಡಿ. ಡಿಸೆಂಬರ್ ೧೫, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಅತಿಥಿಗಳು ಯಾರಾದರೂ ಇರಲಿ, ಹಿಂದಿನ ವರಾಂಡದಿಂದ ಒಳಗೆ ಮೊದಲು ಹೆಜ್ಜೆ ಇಡಬೇಕಾದವರು ನೀವು. ದೊಡ್ಡಗಂಗಮ್ಮನವರನ್ನೂ ಕರೆತನ್ನಿ.

ನಿಮ್ಮ ಧನಶ್ರೀ

*

ಮಾಲೂರು
೧೭ ಡಿಸೆಂಬರ್ ೨೦೨೪

ಪ್ರೀತಿಯ ತಾತನಿಗೆ,

ಒಂದು ತಿಂಗಳು ನಿಮ್ಮಿಂದ ಉತ್ತರವಿರಲಿಲ್ಲ. ಭಾನುವಾರ ಹಿಂದಿನ ಮೆಟ್ಟಿಲ ಹತ್ತಿರ ಬಿಳಿ ಶರ್ಟು ಹಾಕಿಕೊಂಡು ನಿಂತದ್ದು ನೀವೇ ಎಂದು ತಿಳಿದಾಗ ನನಗೆ ಆದ ಸಂತೋಷ ಹೇಳಲಾರೆ. ಹಾಗಿದ್ದೂ ನೀವು ಒಳಗೆ ಬರಲಿಲ್ಲ. ಮೆಟ್ಟಿಲು ಹತ್ತಿದಿರಿ, ನಾಲ್ಕು ಹೆಜ್ಜೆ ಇಟ್ಟಿರಿ, ನಿಂತುಬಿಟ್ಟಿರಿ. “ಬನ್ನಿ ತಾತ, ಬನ್ನಿ” ಎಂದು ನಾನು ಕೈ ಚಾಚಿ ಕರೆದೆ. ನಿಮಗೆ ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ಕರೆದೆ. ಜನ ಫೋಟೋ ತೆಗೆಯುತ್ತಿದ್ದರು. ನೀವು ತಿರುಗಿ ಇಳಿದು ಹೋದಿರಿ.

ಮುಖ್ಯ ಅತಿಥಿ ತಡವಾಗಿ ಬಂದು ಬಿಸಿಲಲ್ಲಿ ಕಾಯಿಸಿದರೆಂದು ಬೇಸರವಾಯಿತೆ? ಯಾರಾದರೂ ಏನಾದರೂ ಅಂದರೋ? ಊಟವನ್ನೂ ಮಾಡದೆ ಹೋದಿರಿ. ನನಗೆ ಎರಡು ದಿನದಿಂದ ನಿದ್ದೆಯಿಲ್ಲ. ನಾನು ಎಲ್ಲಿ ತಪ್ಪಿದೆ, ಹೇಳಿ.

ಧನಶ್ರೀ

*

ರಾಯಲ್ಪಾಡು
೨೬ ಡಿಸೆಂಬರ್ ೨೦೨೪

ಧನಶ್ರೀ ಮೇಡಂ ಅವರಿಗೆ,

ಊಟದ ವಿಷಯವಲ್ಲ. ಬಿಸಿಲಿನದೂ ಅಲ್ಲ. ಯಾರೂ ಏನೂ ಅನ್ನಲಿಲ್ಲ. ನೀವು ಕರೆದದ್ದು ಕೇಳಿಸದಿದ್ದರೂ ಕಾಣಿಸಿತು.

ಅದು ವಿನ್ಯಾಸವಲ್ಲ ಮೇಡಂ. ನಮ್ಮ ಕೇರಿಯವರು ಅದರಾಚೆ ಕಾಲಿಡಬಾರದು ಎಂದು ಎಳೆದ ಗೆರೆ. ಸೌದೆ, ಹುಲ್ಲು ಹೊತ್ತು ಹಿಂದಿನ ಮೆಟ್ಟಿಲು ಹತ್ತಿದವರು ಗೆರೆಯ ಈಚೆಗೆ ಇಳಿಸಿ, ದೂರ ಸರಿದು ನಿಲ್ಲಬೇಕು. ಒಳಗಿನವರು ಬಂದು ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು. ನೆಲದ್ದು ತುಳಿದು ಸವೆದರೂ ಗುರುತಿರಲಿ ಎಂದೇ ಗೋಡೆಗೂ ಕಂಬಕ್ಕೂ ಹತ್ತಿಸಿದ್ದು. ನೀವು ಅದಕ್ಕೆ ರಿಬ್ಬನ್ ಎಂದು ಬರೆದಿರಿ. ಓದಿ ನನಗೆ ಕೋಪ ಬಂತು. ತುಂಬ ಕೋಪ ಬಂತು.

ವರ್ಷಾ ವರ್ಷಾ ಸಂಕ್ರಾಂತಿಗೆ ಮುಂಚೆ ಹೊರಗಿನ ಗೋಡೆಗಳಿಗೆ ಸುಣ್ಣ ಬಳಿಯುವುದು ಅಪ್ಪ. ಒಳಕೋಣೆಗಳಿಗೆ ಕೋಲಾರದಿಂದ ಬೇರೆ ಪೇಂಟರ್‌ಗಳು ಬರುತ್ತಿದ್ದರು. ಸುಣ್ಣ ಒಣಗಿದ ಮೇಲೆ ಕೆಮ್ಮಣ್ಣು ಕಲಸಿ ಗೆರೆಯನ್ನು ಹೊಸದು ಮಾಡುವುದೂ ಅಪ್ಪನ ಕೆಲಸವೇ. ಗೆರೆಯ ಈಚೆ ಕುಕ್ಕರಗಾಲಲ್ಲಿ ಕೂತು ಕೈ ಮಾತ್ರ ಚಾಚಿ ಎಳೆಯುತ್ತಿದ್ದ. ತನ್ನನ್ನು ತಡೆಯುವ ಗೆರೆಯನ್ನು ತಾನೇ ಸೊಟ್ಟವಾಗದಂತೆ ಎಳೆಯಬೇಕು. ಸೊಟ್ಟಗಾದರೆ ಒರೆಸಿ ಮತ್ತೆ ಎಳೆಸುತ್ತಿದ್ದರು.

ದೊರೆಗಳ ಕಾಲದ್ದು ಎಂದು ಕಾರ್ಡಿನಲ್ಲಿ ಹಾಕಿದ್ದೀರಿ. ಮೊದಲು ಎಳೆಸಿದವರು ಯಾರೋ, ನನಗೆ ಗೊತ್ತಿಲ್ಲ. ಅಗಲ ಮಾಡಿಸಿದವರು ಗೊತ್ತು. ೧೯೫೭ನೇ ಇಸವಿ, ದೊರೆಗಳು ಹೋಗಿ ಹತ್ತು ವರ್ಷ. ಅಕ್ಕನಿಗೆ ಒಂಬತ್ತು, ನನಗೆ ಆರು. ನಮ್ಮ ಮೇಕೆಮರಿ ಮೆಟ್ಟಿಲು ಹತ್ತಿ ಗೆರೆ ದಾಟಿ ಓಡಿತು. ಅಕ್ಕ ಅದರ ಹಿಂದೆ ಓಡಿ ಊಟದ ಮನೆಯ ಬಾಗಿಲವರೆಗೂ ಹೋಗಿ ಹಿಡಿದುಕೊಂಡು ಬಂದಳು. ಮೇಕೆಮರಿಗೆ ಯಾರೂ ಏನೂ ಅನ್ನಲಿಲ್ಲ. ಅಪ್ಪನನ್ನು ಕರೆಸಿದರು. “ಏನ್ಲಾ ಅಪ್ಪಾಜಿ, ನಿನ್ ಮಗ್ಳಿಗೆ ಕಣ್ ಕಾಣಲ್ವೇನ್ಲಾ? ಕಾಣೋ ಹಂಗೆ ಎಳಿ. ನಾಕು ಬೆರಳು ಎಳಿ” ಎಂದು ಮೇಟಿಯವರು ತಮ್ಮ ಬೆರಳುಗಳನ್ನು ಗೋಡೆಗಿಟ್ಟು ಅಳತೆ ತೋರಿಸಿದರು. ನಮ್ಮಿಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ, ನಮ್ಮ ಕಣ್ಣ ಮುಂದೆಯೇ ಎಳೆಸಿದರು. ಗೆರೆ ನೇರವಾಗಿ ಬಂತು, ನೀವೇ ನೋಡಿದಿರಲ್ಲ.

ಆ ಮೇಟಿಯವರ ಹೆಸರು ಕೋದಂಡರಾಮಪ್ಪ. ನಿಮ್ಮ ಮೊದಲ ಕಾಗದದಲ್ಲೇ ಆ ಹೆಸರು ಓದಿದೆ. ಕಾಣದ ತಾತನ ಬಗ್ಗೆ ಆಸೆಯಿಂದ ಕೇಳಿದ್ದಿರಿ. ನನಗೆ ಬರೆಯಲು ಆಗಲಿಲ್ಲ. ಗಾರೆ ಸಡಿಲ ಎಂದು ಸುಳ್ಳು ಬರೆದೆ.

೧೯೭೬ರಲ್ಲಿ ನನಗೆ ಅಲ್ಲಿ ಕೆಲಸ ಖಾಯಂ ಆಯಿತು. ಅಷ್ಟರಲ್ಲಿ ಅವರು ರಿಟೈರ್ ಆಗಿದ್ದರು. ಗೆರೆ ಮಾತ್ರ ಇತ್ತು. ಆ ವರ್ಷ ಯಾರನ್ನೂ ಕೇಳದೆ, ಸುಣ್ಣಕ್ಕೆ ನೀಲಿ ಹಾಕಿ ಅದರ ಮೇಲೆ ಬಳಿದುಬಿಟ್ಟೆ. ಒಬ್ಬರೂ ಏನೂ ಅನ್ನಲಿಲ್ಲ. ಸಾಯಂಕಾಲ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ, “ಎರಡು ಕೋಟು ಹಾಕ್ದೇನೋ? ಕೆಮ್ಮಣ್ಣು ಒಂದಕ್ಕೆ ನಿಲ್ಲಲ್ಲ, ಮೇಲಕ್ ಬರುತ್ತೆ ಕಣೋ” ಅಂದ. ಅದಕ್ಕೇ ಒಂದು ವರ್ಷವೂ ಕೆರೆಯಲಿಲ್ಲ. ಪ್ರತಿ ವರ್ಷ ಎರಡು ಕೋಟು ಹಾಕಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಕೆಲಸ ಎಂದರೆ ಅದೊಂದೇ. ಉಳಿದದ್ದು ಬರೀ ಸಂಬಳಕ್ಕೆ.

ಮೂವತ್ತೈದು ವರ್ಷ ಬಕೀಟು ಹಿಡಿದು ಅದೇ ನೆಲದ ಮೇಲೆ ಓಡಾಡಿದ ಕಾಲುಗಳು ಇವು. ಆ ಭಾನುವಾರ ಕೆಂಪು ಕಂಡ ತಕ್ಷಣ ನಿಂತುಬಿಟ್ಟವು. ನಾನು ನಿಲ್ಲಿಸಲಿಲ್ಲ. ಗೋಡೆಯ ಮೇಲಿನದನ್ನು ಮುಚ್ಚಿದ್ದೆ, ಅಷ್ಟೇ. ಅಷ್ಟು ಜನರ ಮುಂದೆ ನನಗೆ ನಾಚಿಕೆಯಾಯಿತು.

ಮುನಿಶಾಮಿ

*

ರಾಯಲ್ಪಾಡು
೯ ಫೆಬ್ರವರಿ ೨೦೨೫

ಧನಶ್ರೀ ಮೇಡಂ ಅವರಿಗೆ,

ಒಂದೂವರೆ ತಿಂಗಳಾಯಿತು. ಸತ್ತವರ ಮಾತನ್ನು ಮೊಮ್ಮಗಳಿಗೆ ಬರೆಯಬಾರದಿತ್ತು ಎಂದು ರಜನಿ ಬೈಯುತ್ತಿದ್ದಾಳೆ. ಆ ಕಾಗದವನ್ನು ಹರಿದು ಹಾಕಿ. ನಿಮ್ಮ ಕೈ ಬಿರಿದದ್ದು ವಾಸಿಯಾಯಿತೆ? ಸುಣ್ಣದ ಗಾಯಕ್ಕೆ ಕೊಬ್ಬರಿ ಎಣ್ಣೆ ಒಳ್ಳೆಯದು.

ಮುನಿಶಾಮಿ

*

ನಂಗಲಿ ಬಂಗಲೆ
೨ ಮಾರ್ಚ್ ೨೦೨೫

ಮುನಿಶಾಮಪ್ಪನವರಿಗೆ,

ತಾತ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಕ್ಷಮಿಸಿ. ಆ ಪದ ಈಗ ನನಗೆ ಸುಲಭವಿಲ್ಲ.

ಕಾಗದ ಹರಿಯಲಿಲ್ಲ. ಅದನ್ನು ಓದಿದ ದಿನ ಇಲ್ಲಿಗೆ ಓಡಿ ಬಂದು ನೀಲಿ ಸುಣ್ಣ ಕಲಸಿದೆ, ಎಲ್ಲವನ್ನೂ ಮತ್ತೆ ಮುಚ್ಚಿಬಿಡೋಣ ಎಂದು. ಬ್ರಷ್ಷು ಎತ್ತಿದ ಮೇಲೆ ಅನುಮಾನ ಬಂತು. ಯಾರಿಗಾಗಿ ಮುಚ್ಚುತ್ತಿದ್ದೇನೆ? ನಿಮಗಾಗಿಯೋ, ನನ್ನ ಮನೆಯ ಮರ್ಯಾದೆಗಾಗಿಯೋ? ಸುಣ್ಣ ಬಕೀಟಿನಲ್ಲೇ ಗಟ್ಟಿಯಾಯಿತು.

ಕಾರ್ಡು ನೋಡಿ ಪತ್ರಿಕೆಗಳಲ್ಲಿ ಹೊಗಳಿ ಬರೆದವರಿಗೆಲ್ಲ ತಪ್ಪು ನನ್ನದೆಂದು ಬರೆದು ತಿಳಿಸಿದೆ. ಆಮೇಲೆ ಗೋಡೆಯ ಪಕ್ಕಕ್ಕೆ ಒಂದು ಹಲಗೆ ಮಾಡಿಸಿದೆ. ಮೊದಲು “ಆಗಿನ ಮೇಟಿಯೊಬ್ಬರ ಅಪ್ಪಣೆಯಂತೆ” ಎಂದು ಬರೆದೆ. ಅದನ್ನು ಓದುತ್ತಾ ಒಂದು ವಾರ ಕೂತಿದ್ದೆ. ದೊರೆಗಳ ಗೋಡೆಯನ್ನು ಬೆತ್ತಲೆ ಮಾಡಲು ಹೊರಟವಳಿಗೆ ಸ್ವಂತ ತಾತನ ಹೆಸರಿಗೆ ಬಟ್ಟೆ ಹೊದಿಸುವ ಆಸೆ! ಒರೆಸಿ ಹೀಗೆ ಬರೆದೆ:

“ಕೇರಿಯ ಜನ ಇದನ್ನು ದಾಟಬಾರದಿತ್ತು. ಪ್ರತಿ ವರ್ಷ ಎಳೆಯಬೇಕಾಗಿ ಬಂದವರು ಅಪ್ಪಾಜಪ್ಪ. ೧೯೫೭ರಲ್ಲಿ ಅಗಲ ಮಾಡಿಸಿದವರು ಕೋದಂಡರಾಮಪ್ಪ. ೧೯೭೬ರಲ್ಲಿ ಯಾರನ್ನೂ ಕೇಳದೆ ಮುಚ್ಚಿದವರು ಮುನಿಶಾಮಿ. ತಿಳಿಯದೆ ತೆರೆದವಳು ಕೋದಂಡರಾಮಪ್ಪನವರ ಮೊಮ್ಮಗಳು.”

ಅಪ್ಪ ಬಂದು ನೋಡಿಕೊಂಡು ಹೋದರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಗೋಡೆಯ ಮೇಲಿದ್ದ ತಾತನ ಫೋಟೋವನ್ನು ತಮ್ಮ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡಿದ್ದಾರೆ. ಅಮ್ಮನ ಕೈಯಲ್ಲಿ ಊಟ ಹೋಗುತ್ತದೆ. ನನಗೆ ಅಳು ಬರುತ್ತದೆ, ಆದರೆ ಹಲಗೆ ತೆಗೆಯುವುದಿಲ್ಲ.

ಹಲಗೆಯಲ್ಲಿ ನಿಮ್ಮ ಹೆಸರಿರುವುದು ಬೇಡವೆಂದರೆ ಹೇಳಿ. ಇನ್ನೊಂದು ಉಳಿದಿದೆ. ಗೋಡೆಯದೂ ಕಂಬದ್ದೂ ಹಳೆಯದು. ನೆಲದ ಮೇಲಿನದು ನಾನು ಎಳೆದದ್ದು, ಈ ಕೈಯಿಂದ, ಈ ಕಾಲದಲ್ಲಿ. ಅಂಟು ಹಾಕಿಲ್ಲ, ಒದ್ದೆ ಬಟ್ಟೆಗೆ ಹೋಗುತ್ತದೆ. ಎಷ್ಟು ಸಲ ಬಟ್ಟೆ ಹಿಡಿದು ಕೂತೆನೋ. ನಾನೇ ಒರೆಸಿಬಿಟ್ಟರೆ ನನ್ನ ಮನಸ್ಸು ಹಗುರಾಗುತ್ತದೆ, ನಿಮಗೇನಾಯಿತು? ಅದಕ್ಕೆ ಹಾಗೇ ಬಿಟ್ಟಿದ್ದೇನೆ. ನೀವು ಹೇಳಿದಂತೆ ಮಾಡುತ್ತೇನೆ. ನೀವೇ ಬರುವುದಾದರೆ ನಾನು ಅಲ್ಲಿರುವುದಿಲ್ಲ, ಯಾರೂ ಇರುವುದಿಲ್ಲ. ಚಂದ್ರು ಬಾಗಿಲು ತೆಗೆದುಕೊಟ್ಟು ಹೋಗುತ್ತಾರೆ.

ಧನಶ್ರೀ

*

ನಂಗಲಿ
೨೩ ಮಾರ್ಚ್ ೨೦೨೫

ಅಮ್ಮಾ ಧನಶ್ರೀ,

ಅಕ್ಕನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಅವ್ವ, ಅಪ್ಪ ಹೋದಾಗಲೂ ಅಳದವಳು, ಹಲಗೆಯಲ್ಲಿ ಅಪ್ಪನ ಹೆಸರಿದೆ ಎಂದಾಗ ಅತ್ತಳು. ನನ್ನ ಹೆಸರೂ ಇರಲಿ. ನಿನ್ನ ತಂದೆಯ ಮೇಲೆ ಕೋಪ ಮಾಡಿಕೊಳ್ಳಬೇಡ. ಅವರಿಗೆ ಅದು ಬರೀ ಗೋಡೆಯಲ್ಲ. ದಿನಾ ಹೋಗಿ ಬಾಗಿಲ ಹತ್ತಿರ ಕೂತುಕೊ.

ನಿನ್ನೆ ಬೆಳಿಗ್ಗೆ ಇಬ್ಬರೂ ಬಂಗಲೆಗೆ ಹೋದೆವು. ಚಂದ್ರು ಬಾಗಿಲು ತೆಗೆದು ಟೀ ಕುಡಿಯುವ ನೆವ ಹೇಳಿ ಹೊರಟುಹೋದ. ನಾನು ಹಳೇ ಪಂಚೆಯ ತುಂಡು, ಒಂದು ಚೊಂಬು ನೀರು ಒಯ್ದಿದ್ದೆ. ಒರೆಸಿಬಿಟ್ಟು ಆಮೇಲೆ ಒಳಗೆ ಹೋಗೋಣ ಎಂದು ನನ್ನ ಲೆಕ್ಕ. ಗೆರೆಯ ಈಚೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒದ್ದೆ ಮಾಡಿದೆ. ಅಕ್ಕ ನನ್ನ ಕೈ ಹಿಡಿದಳು. ಕಿವಿಯಲ್ಲಿ ಕೂಗಿದಳು: “ಏಮಿರಾ ಮುನಿಗಾ, ಅಪ್ಪ ಕೂತಂಗೇ ಕೂತಿದ್ದೀಯಲ್ಲೋ! ಒರೆಸ್ಬಿಟ್ಟು ದಾಟಿದ್ರೆ ಏನ್ ದಾಟ್ದಂಗಾಯ್ತು? ಇರುವಾಗ್ಲೇ ದಾಟು.”

“ಮೊದಲು ನೀನು ದಾಟಕ್ಕಾ” ಅಂದೆ.

“ನಾನು ದಾಟಿ ಅರವತ್ತೆಂಟು ವರ್ಷ ಆಯ್ತು ಕಣೋ. ದಾಟ್ದೇ ಇರೋನು ನೀನೇ.”

ಹಾಗೆ ಹೇಳಿ ಅವಳು ಗೋಡೆ ಹಿಡಿದುಕೊಂಡು, ಕೆಳಗೆ ಕೂಡ ನೋಡದೆ, ಆಚೆ ಹೋಗಿ ಊಟದ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ನಾನು ಎದ್ದು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಎಪ್ಪತ್ತಮೂರು ವರ್ಷದ ಮುದುಕ ನೆಲದ ಮೇಲಿನ ಮಣ್ಣಿಗೆ ಹೆದರಿ ನಿಂತಿದ್ದೇನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಚಪ್ಪಲಿ ಬಿಟ್ಟೆ. ಬಲಗಾಲು ಎತ್ತಿ ಆಚೆಗಿಟ್ಟೆ, ಆಮೇಲೆ ಎಡಗಾಲು. ಏನೂ ಆಗಲಿಲ್ಲ. ಅಕ್ಕನ ಮುಖ ನೋಡಿದೆ. ಅವಳು ಎಲೆಯಡಿಕೆ ಚೀಲ ಬಿಚ್ಚುತ್ತಿದ್ದಳು.

ಆಮೇಲೆ ಒಳಗಿನ ಕಡೆಯಿಂದ ಕೂತು ಒರೆಸಿದೆ. ಗೋಡೆಯದೂ ಕಂಬದ್ದೂ ಹಾಗೇ ಇರಲಿ, ಮುಚ್ಚಬೇಡ. ನೆಲ ಒಣಗುವವರೆಗೂ ಇಬ್ಬರೂ ಒಳಗೇ ಕೂತಿದ್ದೆವು.

ಮುನಿಶಾಮಿ